ಹಲ್ಲಿಗೆ ಹಲ್ಲುನೋವು ಬರಕೂಡದು

ಹಸು ಚಂದ್ರನನ್ನು ಹಾರಿ ದಾಟಬಹುದು. ಇಂಗ್ಲಿಷಿನಲ್ಲಿ ಮಾತ್ರ.

ತಟ್ಟೆ ಚಮಚದ ಜೊತೆ ಓಡಿಹೋಗಬಹುದು. ಬೆಕ್ಕು ಪಿಟೀಲು ಹಿಡಿಯಬಹುದು. ಗೋಡೆಯಿಂದ ಉರುಳಿದ ಹಂಪ್ಟಿ ಡಂಪ್ಟಿಯನ್ನು ಜೋಡಿಸಲು ರಾಜನ ಕುದುರೆಗಳೇ ಬರಬಹುದು. ಗೊರಸಿನಲ್ಲಿ ಚೂರು ಜೋಡಿಸುವುದು ಹೇಗೆ ಎಂದು ಯಾವ ಅಪ್ಪನೂ ಕೇಳುವುದಿಲ್ಲ. ಅದು ಮೊಟ್ಟೆ ಎಂದು ಆ ಪದ್ಯದಲ್ಲಿ ಎಲ್ಲೂ ಹೇಳಿಲ್ಲ. ಹಾಗಾದರೆ ಅದೇನು ಎಂದೂ ಕೇಳುವುದಿಲ್ಲ. ಎಲ್‌ಕೆಜಿಗೆ ಲಕ್ಷ ರೂಪಾಯಿ ಕಟ್ಟಿದ್ದಾನೆ. ರಸೀದಿ ಕೈಯಲ್ಲಿದ್ದ ಮೇಲೆ ಅರ್ಥ ಯಾರಿಗೆ ಬೇಕು?

ಅದೇ ಮಗು ಸಂಜೆ ಮನೆಗೆ ಬಂದು ಕನ್ನಡದಲ್ಲಿ ತಲೆಬುಡವಿಲ್ಲದ ಎರಡು ಸಾಲು ಕಟ್ಟಿ ಹಾಡಲಿ. ಮನೆಯಲ್ಲಿ ತುರ್ತುಪರಿಸ್ಥಿತಿ.

"ಏನೋ ಅದು? ಅರ್ಥ ಇದೆಯೇನೋ ಅದಕ್ಕೆ? ಬಾಯಿ ಮುಚ್ಕೊಂಡು ಟೇಬಲ್ಸ್ ಬರಿ."

ಇದು ನಮ್ಮ ನಿಜವಾದ ಶಿಕ್ಷಣ ನೀತಿ. ಯಾವ ಸಮಿತಿಯೂ ಇದನ್ನು ಬರೆದಿಲ್ಲ. ಸಮಿತಿಗಳು ಬರೆದ ಎಲ್ಲ ನೀತಿಗಳಿಗಿಂತ ಚೆನ್ನಾಗಿ ಜಾರಿಯಲ್ಲಿದೆ. ಅಸಂಬದ್ಧ ಇಂಗ್ಲಿಷಿನಲ್ಲಿದ್ದರೆ ರೈಮ್ಸ್. ಕನ್ನಡದಲ್ಲಿದ್ದರೆ ತಲೆಹರಟೆ.

ನಂಬಿಕೆ ಬರದಿದ್ದರೆ ಪರೀಕ್ಷೆ ಮಾಡಿ ನೋಡಿ. ಈ ನಾಲ್ಕು ಸಾಲು ನಿಮ್ಮ ಮನೆಯ ಮಗುವಿಗೆ ಹೇಳಿಕೊಡಿ. ಕಟ್ಟಿದ್ದು ನಾನೇ. ಬೇರೆ ಯಾವ ಕವಿಯನ್ನೂ ಬೈಯಬೇಡಿ.

ಗೋಡೆಯ ಹಲ್ಲಿಗೆ ಹಲ್ಲಿನ ನೋವು,
ಗಲ್ಲಕೆ ಕಟ್ಟಿತು ಹಸಿಬೇವು.
ಡಾಕ್ಟರು ಬಂದರು, ಬಾಲವ ಕಿತ್ತರು,
ಬಿಲ್ಲಲಿ ಬರೆದರು ಹನ್ನೆರಡು ಮಾವು!

ಮಗುವಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಬಾಲ ಕಿತ್ತರು ಎಂಬಲ್ಲಿಗೆ ಬಂದಾಗ ಅದು ಬಿದ್ದು ಬಿದ್ದು ನಗುತ್ತದೆ. ಹಲ್ಲು ಕೀಳಬೇಕಾದ ಕಡೆ ಬಾಲ ಕೀಳುವ ಡಾಕ್ಟರು ದಡ್ಡ ಎಂದು ಅದಕ್ಕೆ ಗೊತ್ತು. ಗೊತ್ತಿರುವುದರಿಂದಲೇ ನಗು.

ದೊಡ್ಡವರು ನಗುವುದಿಲ್ಲ. ದೊಡ್ಡವರು ಆಕ್ಷೇಪಣೆ ಸಲ್ಲಿಸುತ್ತಾರೆ.

ವಿಜ್ಞಾನದ ಮೇಷ್ಟ್ರು ಮೊದಲು ಎದ್ದು ನಿಲ್ಲುತ್ತಾರೆ. ಹಲ್ಲಿಯ ಬಾಲವನ್ನು ಯಾರೂ ಕೀಳಬೇಕಿಲ್ಲ, ಹೆದರಿದಾಗ ತಾನೇ ಕಳಚಿಕೊಳ್ಳುತ್ತದೆ, ಮಗುವಿಗೆ ತಪ್ಪು ಮಾಹಿತಿ ಹೋಗುತ್ತಿದೆ. ಪ್ರಾಣಿದಯೆಯವರು ಎರಡನೆಯವರು. ಡಾಕ್ಟರರ ಮಾನ ಕಾಯುವವರು ಮೂರನೆಯವರು. ಬಿಲ್ಲನ್ನು ಮಾವಿನಲ್ಲಿ ಪಡೆದರೆ ತೆರಿಗೆ ಲೆಕ್ಕ ಏನಾಗಬೇಕು ಎಂದು ಕೇಳುವವರೂ ಒಬ್ಬರು ಇರುತ್ತಾರೆ. ಇದ್ದೇ ಇರುತ್ತಾರೆ.

ಕೊನೆಗೆ ಮೌಲ್ಯಶಿಕ್ಷಣದ ತಜ್ಞರು ಬರುತ್ತಾರೆ. ಅವರಿಗೆ ಪದ್ಯದ ಮೇಲೆ ಕೋಪವಿಲ್ಲ. ಕರುಣೆಯಿದೆ. "ಚೆನ್ನಾಗಿದೆ ಸಾರ್, ಕೊನೆಗೆ ಎರಡು ಸಾಲು ಸೇರಿಸಿಬಿಡಿ. ದಿನಕ್ಕೆರಡು ಸಲ ಹಲ್ಲುಜ್ಜಬೇಕು ಅಂತ." ಸೇರಿಸಿದಿರೋ, ಪದ್ಯ ಅಲ್ಲಿಗೆ ಸತ್ತಿತು. ಸತ್ತ ಕೂಡಲೇ ಪಠ್ಯಪುಸ್ತಕಕ್ಕೆ ಅರ್ಹವಾಯಿತು.

ಮನೆಯ ಹಿರಿಯರ ಆಕ್ಷೇಪಣೆ ಮಾತ್ರ ಬೇರೆ. ಹೊತ್ತಲ್ಲದ ಹೊತ್ತಿನಲ್ಲಿ ಹಲ್ಲಿಯ ಹೆಸರು ಎತ್ತಬಾರದು. ಅಪಶಕುನ.

ಇಲ್ಲಿ ಸ್ವಲ್ಪ ನಿಲ್ಲೋಣ. ಹಲ್ಲಿಗೆ ಹಲ್ಲುನೋವು ಎಂದರೆ ಹುಚ್ಚುತನ ಎನ್ನುವ ಇದೇ ಮನೆಯಲ್ಲಿ ಪಂಚಾಂಗ ಇದೆ. ಅದರಲ್ಲಿ ಹಲ್ಲಿ ಮೈಮೇಲೆ ಬಿದ್ದರೆ ಏನು ಫಲ ಎಂಬ ಪಟ್ಟಿ ಇದೆ. ತಲೆಗೆ ಬಿದ್ದರೆ ಒಂದು ಫಲ, ಭುಜಕ್ಕೆ ಬಿದ್ದರೆ ಇನ್ನೊಂದು. ಗಂಡಸರಿಗೆ ಬೇರೆ ಲೆಕ್ಕ, ಹೆಂಗಸರಿಗೆ ಬೇರೆ. ಗೋಡೆಯಲ್ಲಿ ಹಲ್ಲಿ ಲೊಚಗುಟ್ಟಿದರೆ ಎಂ.ಟೆಕ್. ಮಾಡಿದವರೂ ಮಾತು ನಿಲ್ಲಿಸಿ, ಬೆರಳಲ್ಲಿ ಮೇಜು ಕುಟ್ಟಿ, "ಕೃಷ್ಣ ಕೃಷ್ಣ" ಎನ್ನುತ್ತಾರೆ.

ಹಲ್ಲಿ ಭವಿಷ್ಯ ಹೇಳಬಹುದು. ಹಲ್ಲಿಗೆ ಹಲ್ಲುನೋವು ಬರಕೂಡದು. ಅಂದ ಹಾಗೆ, ಹಲ್ಲಿಗೆ ಹಲ್ಲುಗಳಿವೆ. ಭವಿಷ್ಯದ ವಿಚಾರ ಹಲ್ಲಿಗೆ ಇನ್ನೂ ಯಾರೂ ತಿಳಿಸಿಲ್ಲ.

ನಾವು ಅಸಂಬದ್ಧವನ್ನು ಸಹಿಸದ ಜನ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನಾವು ಬದುಕುವುದೇ ಅದರಲ್ಲಿ. "ಊಟ ಗೀಟ ಆಯ್ತಾ? ಮಗಳಿಗೆ ಮದುವೆ ಗಿದುವೆ ನೋಡ್ತಿದ್ದೀರಾ? ಬನ್ನಿ, ಕಾಫಿ ಗೀಫಿ ಕುಡಿಯೋಣ." ಗೀಟ ಯಾವ ಖಾದ್ಯ? ಗಿದುವೆಗೆ ಮುಹೂರ್ತ ಇಡುವವರು ಯಾರು? ಗೀಫಿ ಯಾವ ತೋಟದಲ್ಲಿ ಬೆಳೆಯುತ್ತದೆ? ಚಿಕ್ಕಮಗಳೂರಿನಲ್ಲಂತೂ ಬೆಳೆಯುವುದಿಲ್ಲ. ಆದರೂ ಮುಖ್ಯಮಂತ್ರಿಯಿಂದ ಹಿಡಿದು ಮುನ್ಸಿಪಾಲಿಟಿ ಜವಾನನವರೆಗೆ ಎಲ್ಲರೂ ದಿನಕ್ಕೆ ಹತ್ತು ಸಲ ಗಿ ಸೇರಿಸುತ್ತಾರೆ. ಯಾರನ್ನೂ ಮೂಲೆಯಲ್ಲಿ ನಿಲ್ಲಿಸುವುದಿಲ್ಲ.

13ನೆಯ ಶತಮಾನದ ಕೇಶಿರಾಜ ಗಂಭೀರ ಮನುಷ್ಯ. ಅವನ 'ಶಬ್ದಮಣಿದರ್ಪಣ' ಇನ್ನೂ ಗಂಭೀರ. ಅವನೂ ಅನುಕರಣ ಶಬ್ದಗಳಿಗೆ ವ್ಯಾಕರಣದಲ್ಲಿ ಜಾಗ ಕೊಟ್ಟಿದ್ದಾನೆ. ಪಟಪಟ, ಗಿರಗಿರ, ದಡಬಡ ಎನ್ನದೆ ಕನ್ನಡದಲ್ಲಿ ಮಳೆಯೂ ಬರುವುದಿಲ್ಲ, ಗಂಡ ಹೆಂಡತಿಯ ಜಗಳವೂ ಆಗುವುದಿಲ್ಲ. ಕೇಶಿರಾಜನಿಗೆ ಅರ್ಥವಾದದ್ದು ಅಪಾರ್ಟ್‌ಮೆಂಟಿನ ಅಪ್ಪನಿಗೆ ಅರ್ಥವಾಗುವುದಿಲ್ಲ.

ರಾಮನವಮಿಯ ಪೆಂಡಾಲಿಗೆ ಹೋಗಿ. ಮುಂದಿನ ಸಾಲಿನಲ್ಲಿ ಶಾಲು ಹೊದ್ದ ಹಿರಿಯರು. ವೇದಿಕೆಯಲ್ಲಿ ತಿಲ್ಲಾನ. ಧೀಂ, ತನನ, ತೋಂ. ಯಾವ ನಿಘಂಟಿನಲ್ಲೂ ಇಲ್ಲದ ಮಾತು. ಹಿರಿಯರ ತಲೆ ತೂಗುತ್ತದೆ, ಕೈ ತೊಡೆಯ ಮೇಲೆ ತಾಳ ಹಾಕುತ್ತದೆ, ಕಣ್ಣಂಚು ಒದ್ದೆಯಾಗುತ್ತದೆ. "ಆಹಾ, ದೈವಿಕ!" ಅಲ್ಲಿಂದ ಕಾರು ಹತ್ತುತ್ತಾರೆ. ಹಿಂದಿನ ಸೀಟಿನಲ್ಲಿ ಮೊಮ್ಮಗ "ತಕತೋಂ ಬಕತೋಂ ಬದನೆಕಾಯ್ ತೋಂ" ಎನ್ನುತ್ತಾನೆ. ಆ ದೈವಿಕ ಅಲ್ಲೇ ಇಳಿದು ಹೋಗುತ್ತದೆ. "ಗಲಾಟೆ ಮಾಡ್ಬೇಡ, ಕೂತ್ಕೊ!"

ಅಲ್ಲಮನ ಬೆಡಗಿನ ವಚನಗಳು. ಕನಕದಾಸರ ಮುಂಡಿಗೆಗಳು. ಎಲ್ಲ ಒಗಟೇ. ಶಿಶುನಾಳ ಶರೀಫರ ಪದದಲ್ಲಿ ಕೋಳಿಯೊಂದು ಕೋತಿಯನ್ನು ನುಂಗುತ್ತದೆ, ಮದ್ದಳೆ ಎದ್ದು ಕುಣಿಯಲು ಬಂದವಳನ್ನೇ ನುಂಗುತ್ತದೆ. ನಾವು ಚಪ್ಪಾಳೆ ತಟ್ಟುತ್ತೇವೆ. ಅರ್ಥವಾಗಿ ತಟ್ಟುವುದಿಲ್ಲ. ಅರ್ಥ ಹೇಳಲು ವ್ಯಾಖ್ಯಾನಕಾರರಿದ್ದಾರೆ ಎಂಬ ಧೈರ್ಯದಲ್ಲಿ ತಟ್ಟುತ್ತೇವೆ. ಕೋಳಿ ಎಂದರೆ ಅದು, ಕೋತಿ ಎಂದರೆ ಇದು ಎಂದು ಅವರು ಬಿಡಿಸಿ ಕೊಟ್ಟ ಮೇಲೆ ನಮಗೆ ನೆಮ್ಮದಿ. ಕೋಳಿ ಕೋತಿಯನ್ನು ನುಂಗಿದ್ದನ್ನು ಕಣ್ಣಲ್ಲಿ ಕಂಡು ಬಾಯ್ಬಿಟ್ಟು ನಗುವ ಮಗುವೇ ಆ ಸಭೆಯಲ್ಲಿ ಪದ ಕೇಳಿದ ಒಬ್ಬನೇ ಶ್ರೋತೃ. ಅವನನ್ನೂ ಅಮ್ಮ ಕಣ್ಣು ಬಿಟ್ಟು ಸುಮ್ಮನಾಗಿಸಿರುತ್ತಾಳೆ.

ಲೆಕ್ಕ ಸರಳ. ಸಂತರು ಹೇಳಿದರೆ ತತ್ತ್ವ. ವಿದ್ವಾಂಸರು ಹಾಡಿದರೆ ಶಾಸ್ತ್ರೀಯ. ಸಿನಿಮಾದವರು ಬರೆದರೆ ಹಿಟ್. ಇಂಗ್ಲಿಷಿನಲ್ಲಿದ್ದರೆ ಕಲಿಕೆ. ಕನ್ನಡದ ಮಗು ಹೇಳಿದರೆ ಮಾತ್ರ ಅರ್ಥ ಬೇಕು. ಅರ್ಥದ ಜೊತೆ ನೀತಿ ಬೇಕು. ನೀತಿಯ ಜೊತೆ ಪರಿಸರ ಕಾಳಜಿಯೂ ಇದ್ದರೆ ಬಹುಮಾನ.

ಹಿಂದಿನವರು ಹೀಗಿರಲಿಲ್ಲ. ಪಂಜೆ ಮಂಗೇಶರಾಯರು ಶಾಲಾ ಇನ್ಸ್‌ಪೆಕ್ಟರಾಗಿದ್ದವರು. ಇನ್ಸ್‌ಪೆಕ್ಟರ್! ಅವರ 'ಹಾವಿನ ಹಾಡು' ನೋಡಿ. ಮಗು ನಾಗರಹಾವನ್ನು ಬಾ ಎಂದು ಕರೆಯುತ್ತದೆ, ಹಾಲು ಕೊಡುತ್ತೇನೆ ಎನ್ನುತ್ತದೆ, ಕೊನೆಗೆ ಹೋಗು ಎಂದು ಕಳಿಸಿಬಿಡುತ್ತದೆ. ಇಂದು ಬರೆದಿದ್ದರೆ ಮಕ್ಕಳ ಸುರಕ್ಷತೆ, ವನ್ಯಜೀವಿ ಕಾಯ್ದೆ, ಧಾರ್ಮಿಕ ಭಾವನೆ ಮೂರೂ ಒಟ್ಟಿಗೆ ಬಾಗಿಲು ಬಡಿಯುತ್ತಿದ್ದವು. ಅಂದು ಅವರನ್ನು 1934ರ ರಾಯಚೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರನ್ನಾಗಿ ಕೂರಿಸಿದರು. ಮಕ್ಕಳಿಗೆ ಹಾವಿನ ಹಾಡು ಬರೆದವರನ್ನು ನಾಡು ಆ ಪೀಠಕ್ಕೆ ಒಯ್ದಿತ್ತು.

ಜಿ.ಪಿ. ರಾಜರತ್ನಂ ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ತಂದ ಪಂಡಿತರು, ಕನ್ನಡದ ಅಧ್ಯಾಪಕರು. ಅದೇ ಕೈಯಲ್ಲಿ 'ತುತ್ತೂರಿ' ಬರೆದರು. ಜಂಬ ಪಟ್ಟವನಿಗೆ ಕೊನೆಗೆ ತಕ್ಕ ಶಾಸ್ತಿಯಾಗುವ ಪದ್ಯ ಅದು. ನೀತಿ ಇದೆ, ಒಪ್ಪಿದೆ. ಆದರೆ ಆ ಪದ್ಯ ಕಲಿತು ಜಂಬ ಬಿಟ್ಟವರು ನನಗೆ ಒಬ್ಬರೂ ಸಿಕ್ಕಿಲ್ಲ. ತುತ್ತೂರಿಯ ಸದ್ದು ಮರೆತವರೂ ಸಿಕ್ಕಿಲ್ಲ. ಮಗು ಯಾವುದನ್ನು ಇಟ್ಟುಕೊಂಡಿತು, ಯಾವುದನ್ನು ಎಸೆಯಿತು ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಕುವೆಂಪು 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯಲ್ಲಿ ಬ್ರೌನಿಂಗನ ಕತೆಯನ್ನು ತಂದು ನಮ್ಮ ಹಳ್ಳಿಗೆ ಇಲಿಗಳನ್ನು ನುಗ್ಗಿಸಿದರು. ಬಗೆಬಗೆಯ ಇಲಿಗಳ ದಂಡನ್ನು ಲಯದ ಮೇಲೆ ಓಡಿಸುವಾಗ ಆ ಮನುಷ್ಯನಿಗೆ ಎಷ್ಟು ಖುಷಿಯಾಗಿತ್ತು ಎಂಬುದು ಓದಿದ ಕೂಡಲೇ ತಿಳಿಯುತ್ತದೆ. ಅದೇ ಕವಿ ಮುಂದೆ ಮಹಾಕಾವ್ಯ ಬರೆದು ಜ್ಞಾನಪೀಠ ಪಡೆದರು. ಇಲಿ ಓಡಿಸಿದ್ದರಿಂದ ಮಹಾಕವಿಯ ತೂಕ ಇಳಿಯಲಿಲ್ಲ. ಇಂದಿನ ಕವಿಗಳಿಗೆ ಇಳಿದುಬಿಡುತ್ತದೆಂಬ ಭಯ. ತೂಕ ಇದ್ದರಲ್ಲವೇ ಇಳಿಯುವುದು!

ನಾ. ಕಸ್ತೂರಿ 'ಅನರ್ಥಕೋಶ' ಎಂದೇ ಹೆಸರಿಟ್ಟು ಒಂದು ಪುಸ್ತಕ ಬರೆದರು. ಲೂಯಿಸ್ ಕೆರೋಲನ ಆಲಿಸಳನ್ನು 'ಪಾತಾಳದಲ್ಲಿ ಪಾಪಚ್ಚಿ' ಮಾಡಿದರು. ಅವರು ಹುಟ್ಟಿದ್ದು ಕೇರಳದಲ್ಲಿ, ಮನೆಮಾತು ಕನ್ನಡವಲ್ಲ, ಕಾಲೇಜಿನಲ್ಲಿ ಹೇಳಿಕೊಟ್ಟದ್ದು ಇತಿಹಾಸ. ಕನ್ನಡದ ಜೊತೆ ಇಷ್ಟು ಸಲಿಗೆಯಿಂದ ಆಡಲು ಹೊರಗಿನಿಂದ ಒಬ್ಬರು ಬರಬೇಕಾಯಿತು. ಮನೆಮಾತೇ ಕನ್ನಡ ಎನ್ನುವವರು ಅದನ್ನು ಪೂಜೆಗೆ ಎತ್ತಿಟ್ಟಿದ್ದರು. ಈಗಲೂ ಎತ್ತಿಟ್ಟಿದ್ದಾರೆ.

"ಇದರಿಂದ ಏನು ಪ್ರಯೋಜನ?" ಎಂದು ಕೇಳುವ ಅಪ್ಪಂದಿರಿಗೆ ಅವರದೇ ಭಾಷೆಯಲ್ಲಿ ಉತ್ತರ ಕೊಡುತ್ತೇನೆ. ಬಯೋಡೇಟಾ ನೋಡಿ.

ಲೂಯಿಸ್ ಕೆರೋಲ್ ಆಕ್ಸ್‌ಫರ್ಡಿನಲ್ಲಿ ಗಣಿತದ ಮೇಷ್ಟ್ರು. ಎಡ್ವರ್ಡ್ ಲಿಯರ್ ಗರಿ ಗರಿಯನ್ನೂ ಎಣಿಸಿ ಹಕ್ಕಿಗಳ ಚಿತ್ರ ಬರೆದವನು. ಅವನ ಅಸಂಬದ್ಧ ಪದ್ಯಗಳ ಮೊದಲ ಪುಸ್ತಕ ಬಂದದ್ದು 1846ರಲ್ಲಿ, ಅದೇ ವರ್ಷ ವಿಕ್ಟೋರಿಯಾ ರಾಣಿಗೆ ಚಿತ್ರಕಲೆ ಹೇಳಿಕೊಟ್ಟ. ಬಂಗಾಳದ ಸುಕುಮಾರ್ ರಾಯ್ ಭೌತಶಾಸ್ತ್ರ, ರಸಾಯನಶಾಸ್ತ್ರ ಓದಿ, ಸ್ಕಾಲರ್‌ಶಿಪ್ ಪಡೆದು ಇಂಗ್ಲೆಂಡಿಗೆ ಹೋಗಿ ಮುದ್ರಣ ತಂತ್ರಜ್ಞಾನ ಕಲಿತು ಬಂದವನು. ಅವನ ಅಸಂಬದ್ಧ ಪದ್ಯಗಳ ಪುಸ್ತಕ 'ಆಬೋಲ್ ತಾಬೋಲ್' 1923ರಲ್ಲಿ ಅಚ್ಚಾಗಿ ಬಂದಾಗ ಅವನು ತೀರಿಕೊಂಡು ಕೆಲವೇ ದಿನಗಳಾಗಿದ್ದವು. 35 ವರ್ಷದ ಜೀವ. ಮಗ ಸತ್ಯಜಿತ್ ರಾಯ್‌ಗೆ ಆಗ ಎರಡು ವರ್ಷ. ಇಂದಿಗೂ ಬಂಗಾಳದ ಮಕ್ಕಳ ಬಾಯಲ್ಲಿ ಆ ಪುಸ್ತಕ ಇದೆ. ಅಲ್ಲಿನ ಪಂಡಿತರು ನೀತಿ ಎಲ್ಲಿ ಎಂದು ಕೇಳಲಿಲ್ಲವೋ, ಕೇಳಿದರೂ ಮಕ್ಕಳು ಕಿವಿಗೊಡಲಿಲ್ಲವೋ!

ಗಣಿತ, ವಿಜ್ಞಾನ, ಫಾರಿನ್ ಸ್ಕಾಲರ್‌ಶಿಪ್. ನಿಮ್ಮ ಕನಸಿನ ಅಳಿಯಂದಿರೆಲ್ಲ ಇಲ್ಲೇ ಇದ್ದಾರೆ. ಕ್ರಮ ಗೊತ್ತಿದ್ದವನು ಮಾತ್ರ ಕ್ರಮ ಕೆಡಿಸಿ ಆಡಬಲ್ಲ. ಗೊತ್ತಿಲ್ಲದವನು ಕೆಡಿಸಿದರೆ ಅದು ಬರೀ ಆಡಳಿತ.

ನೀತಿ ಪದ್ಯದ ಗತಿಯನ್ನೂ ಕೇಳಿ. ಐಸಾಕ್ ವಾಟ್ಸ್ ಎಂಬವನು 1715ರಲ್ಲಿ ಜೇನುಹುಳುವಿನ ಹಾಗೆ ಸದಾ ದುಡಿಯಿರಿ ಎಂದು ಮಕ್ಕಳಿಗೆ ಪದ್ಯ ಬರೆದ. ನೂರೈವತ್ತು ವರ್ಷ ಇಂಗ್ಲಿಷ್ ಮಕ್ಕಳು ಅದನ್ನು ಉರುಹೊಡೆದರು. 1865ರಲ್ಲಿ ಕೆರೋಲ್ ಅದನ್ನೇ ಅಣಕಿಸಿ, ಜೇನುಹುಳುವಿನ ಜಾಗದಲ್ಲಿ ನಗುತ್ತ ಮೀನು ನುಂಗುವ ಮೊಸಳೆಯನ್ನು ಕೂರಿಸಿದ. ಮೊಸಳೆ ಬದುಕಿದೆ. ಜೇನುಹುಳು ಇಂದು ಉಳಿದಿರುವುದು ಮೊಸಳೆಯ ಅಡಿಟಿಪ್ಪಣಿಯಲ್ಲಿ.

ಇಷ್ಟಾದರೂ ಪ್ರಯೋಜನ ಬೇಕೇ ಬೇಕು ಎನ್ನುವವರಿಗೆ ಸರ್ಟಿಫಿಕೇಟೂ ಇದೆ. 1983ರಲ್ಲಿ ಆಕ್ಸ್‌ಫರ್ಡಿನ ಬ್ರಾಡ್ಲಿ ಮತ್ತು ಬ್ರಯಂಟ್ 'ನೇಚರ್' ಪತ್ರಿಕೆಯಲ್ಲಿ ತೋರಿಸಿಕೊಟ್ಟರು: ಪ್ರಾಸ ಹಿಡಿಯುವ, ಸದ್ದು ಗುರುತಿಸುವ ಕಿವಿ ಇರುವ ಮಕ್ಕಳು ಮುಂದೆ ಓದುವುದನ್ನು ಚೆನ್ನಾಗಿ ಕಲಿಯುತ್ತಾರೆ. ಇದನ್ನು ಹೇಳಲು ನನಗೆ ಮನಸ್ಸಿರಲಿಲ್ಲ. ಹೇಳಿದೆ, ನಾಳೆಯೇ ಬಡಾವಣೆಯಲ್ಲಿ 'ಪ್ರಾಸ ಅಕಾಡೆಮಿ' ಎಂಬ ಬೋರ್ಡು ಏಳುತ್ತದೆ. ವಾರಾಂತ್ಯದ ಬ್ಯಾಚು, ಇಎಂಐ ಸೌಲಭ್ಯ, ಮೊದಲ ಕ್ಲಾಸು ಉಚಿತ. ಮಗು ನಗುವುದಕ್ಕೂ ನಮಗೆ ಸಂಶೋಧನಾ ವರದಿ ಬೇಕು. ವರದಿ ಸಿಕ್ಕಿದ ಮೇಲೆ ನಗುವನ್ನೇ ತೆಗೆದು ಟ್ಯೂಷನ್ ಇಡುತ್ತೇವೆ.

ಈ ರೋಗ ನಮಗೊಬ್ಬರಿಗೇ ಬಂದದ್ದಲ್ಲ. 1928ರಲ್ಲಿ ಲೆನಿನ್ನನ ಹೆಂಡತಿಯಾಗಿದ್ದ ಕ್ರುಪ್‌ಸ್ಕಾಯಾ 'ಪ್ರಾವ್ದಾ' ಪತ್ರಿಕೆಯಲ್ಲಿ ಕೊರ್ನೇಯ್ ಚುಕೋವ್‌ಸ್ಕಿಯ 'ಮೊಸಳೆ' ಪದ್ಯಕಥೆಯನ್ನು ಹರಿದು ಹಾಕಿದರು. ಮೊಸಳೆಯೊಂದು ಸಿಗರೇಟು ಸೇದುತ್ತ ಬೀದಿಯಲ್ಲಿ ನಡೆಯುವ ಕತೆ. ಇದರಿಂದ ಮೊಸಳೆಯ ಬದುಕಿನ ಬಗ್ಗೆ ಮಗುವಿಗೆ ತಿಳಿಯುವುದೇನು ಎಂಬುದು ಅವರ ತಕರಾರು. ಮ್ಯಾಕ್ಸಿಮ್ ಗಾರ್ಕಿ ಕವಿಯ ಪರ ನಿಲ್ಲಬೇಕಾಯಿತು. 1931ರಲ್ಲಿ ಚೀನಾದ ಹುನಾನ್ ಪ್ರಾಂತ್ಯದ ಗವರ್ನರ್ ಆಲಿಸಳ ಪುಸ್ತಕವನ್ನೇ ನಿಷೇಧಿಸಿದ. ಪ್ರಾಣಿಗಳು ಮನುಷ್ಯರ ಹಾಗೆ ಮಾತಾಡುತ್ತವೆ ಎಂಬುದು ಅಪರಾಧ. ಸಾವಿರ ವರ್ಷದ ಹಿಂದೆ ದುರ್ಗಸಿಂಹನ ಕನ್ನಡ ಪಂಚತಂತ್ರದಲ್ಲಿ ನರಿಗಳು ರಾಜ್ಯಭಾರದ ಮಾತಾಡಿವೆ. ನಮ್ಮವರು ಸುಮ್ಮನಿದ್ದಾರೆ. ಯಾಕೆಂದರೆ ಆ ನರಿಗಳು ನೀತಿ ಹೇಳುತ್ತವೆ. ಪ್ರಾಣಿ ಮಾತಾಡಬಹುದು, ಭಾಷಣ ಮಾಡುವುದಾದರೆ.

2021ರಲ್ಲಿ ಎನ್‌ಸಿಇಆರ್‌ಟಿಯ ಒಂದನೇ ತರಗತಿಯ ಹಿಂದಿ ಪುಸ್ತಕದ ಮಾವಿನ ಬುಟ್ಟಿಯ ಪದ್ಯಕ್ಕೆ ದೇಶವೇ ಎದ್ದು ಕುಣಿಯಿತು. ಆರು ವರ್ಷದ ಹುಡುಗಿ ಬುಟ್ಟಿ ಹೊತ್ತಿದ್ದಾಳೆ, ಇದು ಬಾಲಕಾರ್ಮಿಕ ಪದ್ಧತಿ ಎಂದರು ಕೆಲವರು. ಹುಡುಗಿಗೆ ಬಳಸಿದ ಪದ ಅಸಭ್ಯ ಎಂದರು ಇನ್ನು ಕೆಲವರು. ಪುಸ್ತಕ ಅಷ್ಟರಲ್ಲಿ ವರ್ಷಗಟ್ಟಲೆ ಮಕ್ಕಳ ಕೈಯಲ್ಲಿತ್ತು. ಬುಟ್ಟಿಯಲ್ಲಿ ಮಕ್ಕಳಿಗೆ ಮಾವು ಕಂಡಿತ್ತು. ದೊಡ್ಡವರಿಗೆ ಕಂಡದ್ದು ದೊಡ್ಡವರ ತಲೆಯಲ್ಲಿದ್ದದ್ದು. ರಸ್ತೆಯ ಸಿಗ್ನಲ್ಲಿನಲ್ಲಿ ನಿಜವಾದ ಹುಡುಗಿ ನಿಜವಾದ ಬುಟ್ಟಿ ಹೊತ್ತು ಕಾರಿನ ಗಾಜು ತಟ್ಟಿದರೆ ಇದೇ ಜನ ಗಾಜು ಏರಿಸುತ್ತಾರೆ. ಅಲ್ಲಿ ಪದ್ಯ ಇರುವುದಿಲ್ಲವಲ್ಲ.

ನಮ್ಮ ಶಾಲೆಗಳಲ್ಲಿ 'ರೈಮ್ಸ್ ಕಾಂಪಿಟಿಷನ್' ಎಂಬುದೊಂದಿದೆ. ಆಟಕ್ಕೆ ಹುಟ್ಟಿದ್ದನ್ನು ಸ್ಪರ್ಧೆಗೆ ನಿಲ್ಲಿಸುವ ಹಬ್ಬ. ನಾಲ್ಕು ವರ್ಷದ ಕೂಸಿಗೆ ಆಲೂಗಡ್ಡೆ ವೇಷ. ವೇಷಕ್ಕೆ ಇಷ್ಟು ಅಂಕ, ಆಕ್ಷನ್‌ಗೆ ಇಷ್ಟು, ಕಾನ್ಫಿಡೆನ್ಸ್‌ಗೆ ಇಷ್ಟು. ಸಭೆಯ ಮಧ್ಯದಲ್ಲಿ ಅಮ್ಮ ನಿಂತು ಗಾಳಿಯಲ್ಲಿ ಕೈ ಬೀಸಿ ಸಾಲು ನೆನಪಿಸುತ್ತಿರುತ್ತಾಳೆ. ಮಗು ಒಂದು ಸಾಲು ಮರೆತು, ತನಗೆ ತೋಚಿದ ಸಾಲು ಸೇರಿಸಿ, ತಾನೇ ನಗುತ್ತದೆ. ಅಂಕ ಕಟ್. ಇಡೀ ದಿನ ಆ ವೇದಿಕೆಯಲ್ಲಿ ಹುಟ್ಟಿದ ಒಂದೇ ಒಂದು ಹೊಸ ಸಾಲಿಗೆ ಸಿಕ್ಕಿದ್ದು ಶಿಕ್ಷೆ.

ಕನ್ನಡದ ಮಕ್ಕಳ ಕವಿಗೋಷ್ಠಿಗಳ ಕತೆ ಬೇರೆ. ಅಲ್ಲಿ ಎಲ್ಲ ಸರಿಯಾಗಿದೆ, ಮಕ್ಕಳೊಬ್ಬರನ್ನು ಬಿಟ್ಟು. ಕವಿಗಳಿಗೆಲ್ಲ ನಿವೃತ್ತಿ ವಯಸ್ಸು ದಾಟಿದೆ. ಕುರ್ಚಿಯಲ್ಲಿ ಗಣ್ಯರು. ಹತ್ತಿರದ ಶಾಲೆಯಿಂದ ಕರೆತಂದ ಮಕ್ಕಳು ಜಮಖಾನದ ಮೇಲೆ ಕೂತು, ಮೇಷ್ಟ್ರು ಸನ್ನೆ ಮಾಡಿದಾಗಲೆಲ್ಲ ಚಪ್ಪಾಳೆ ತಟ್ಟಿ, ಊಟದ ಪೊಟ್ಟಣ ಯಾವಾಗ ಬರುತ್ತದೆ ಎಂದು ಬಾಗಿಲು ನೋಡುತ್ತಿರುತ್ತಾರೆ. ಪದ್ಯಗಳೋ: ನೀರು ಉಳಿಸಿ, ಪ್ಲಾಸ್ಟಿಕ್ ಬಿಡಿ, ಮೊಬೈಲ್ ಮುಟ್ಟಬೇಡಿ, ತಂದೆ ತಾಯಿಗೆ ನಮಿಸಿ, ತಪ್ಪದೇ ಮತ ಹಾಕಿ. ಐದನೇ ಕ್ಲಾಸಿನ ಮಗು ಮತ ಹಾಕಬೇಕಂತೆ! ಇದು ಪದ್ಯವಾದರೆ ಬೆಂಗಳೂರಿನ ಕಸದ ಗಾಡಿಯ ಮೈಕು ಮಹಾಕವಿ.

"ಈಗಿನ ಮಕ್ಕಳಿಗೆ ಕನ್ನಡ ಪದಗಳೇ ಗೊತ್ತಿಲ್ಲ, ಹೇಗೆ ಬರೆಯೋದು?" ಎಂದು ಈ ಕವಿಗಳು ಗೊಣಗುತ್ತಾರೆ. ಅಮೆರಿಕದ ಡಾ. ಸ್ಯೂಸ್‌ಗೆ ಅವನ ಪ್ರಕಾಶಕ ಪಂಥ ಹಾಕಿದ: ಬರೀ 50 ಪದಗಳಲ್ಲಿ ಒಂದು ಪುಸ್ತಕ ಬರೆ ನೋಡೋಣ. 1960ರಲ್ಲಿ 'ಗ್ರೀನ್ ಎಗ್ಸ್ ಅಂಡ್ ಹ್ಯಾಮ್' ಬಂತು. 50 ಪದ, ಒಂದು ಹೆಚ್ಚಿಲ್ಲ. ನಮ್ಮ ಮಕ್ಕಳಿಗೆ 50ಕ್ಕಿಂತ ಹೆಚ್ಚು ಕನ್ನಡ ಪದ ಖಂಡಿತ ಗೊತ್ತು. ಸಾಲದೇ ಬಂದಿರುವುದು ಪದ ಅಲ್ಲ.

ಇನ್ನು ಶಾಲೆಯ ಕನ್ನಡದ ಅವಧಿ. ಪ್ರತಿ ಅಕ್ಷರದ ಮುಂದೆ 'ಕ' ಸೇರಿಸಿ ಮಾತಾಡುವ ಗುಟ್ಟಿನ ಭಾಷೆ ಮಕ್ಕಳಿಗೆ ಗೊತ್ತು. "ಕನಾಕನು ಕಬಕರಕಲ್ಲ" ಎಂದು ಏಳು ವರ್ಷದ ಹುಡುಗಿ ಗೆಳತಿಗೆ ಹೇಳುತ್ತಾಳೆ. ಮಾತನ್ನು ಅಕ್ಷರ ಅಕ್ಷರವಾಗಿ ಒಡೆದು, ಅದೇ ವೇಗದಲ್ಲಿ ಮತ್ತೆ ಕೂಡಿಸುವ ಕೆಲಸ ಇದು. ಯಾರೂ ಕಲಿಸಿದ್ದಲ್ಲ. ಮೇಡಂ ಕಿವಿಗೆ ಬಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಾರೆ. ಎಂಟು ವರ್ಷ ಕಳೆದ ಮೇಲೆ ಅದೇ ಹುಡುಗಿಗೆ ಷಟ್ಪದಿಯ ಪ್ರಸ್ತಾರ ಹಾಕಿ, ಗಣ ವಿಂಗಡಿಸಿ ಎಂದು ಪ್ರಶ್ನೆ ಕೊಡುತ್ತಾರೆ. ಅವಳು ತಡಕಾಡುತ್ತಾಳೆ. "ಈಗಿನ ಮಕ್ಕಳಿಗೆ ಛಂದಸ್ಸಿನ ಕಿವಿಯೇ ಇಲ್ಲ" ಎಂದು ಅದೇ ಮೇಡಂ ನಿಟ್ಟುಸಿರು ಬಿಡುತ್ತಾರೆ. ಕಿವಿ ಇತ್ತು ಮೇಡಂ. ಬೆಂಚಿನ ಮೇಲೆ ನಿಂತಿತ್ತು.

ಛಂದಸ್ಸಿನ ಅಕ್ಷರಗಣಗಳನ್ನು ನೆನಪಿಡಲು ಪಂಡಿತರು ಕಟ್ಟಿದ ಸೂತ್ರ ಯಾವುದು? ಯಮಾತಾರಾಜಭಾನಸಲಗಂ. ಇದಕ್ಕೆ ಅರ್ಥ ಹೇಳಿ ನೋಡೋಣ. ಇಡೀ ಛಂದಶ್ಶಾಸ್ತ್ರ ಒಂದು ಶುದ್ಧ ಅಸಂಬದ್ಧದ ತಲೆಯ ಮೇಲೆ ಕೂತಿದೆ. ಅಲ್ಲಿ ಕೂತುಕೊಂಡೇ ಮಕ್ಕಳಿಗೆ ಅರ್ಥಪೂರ್ಣವಾಗಿರಿ ಎಂದು ಬೋಧಿಸುತ್ತದೆ.

ನವೆಂಬರ್ ಬಂದರೆ ನಮಗೆ ಅಳು ಬರುತ್ತದೆ. ಕನ್ನಡ ಸಾಯುತ್ತಿದೆ, ಮಕ್ಕಳು ಕನ್ನಡ ಮಾತಾಡುವುದಿಲ್ಲ, ಉಳಿಸಿ, ಬೆಳೆಸಿ. ಹಳದಿ ಕೆಂಪು ಶಾಲು, ಆರ್ಕೆಸ್ಟ್ರಾ, ಅಧ್ಯಕ್ಷರ ಭಾಷಣ. ಅಂಗಡಿ ಬೋರ್ಡಿನಲ್ಲಿ 60 ಶೇಕಡ ಕನ್ನಡ ಇರಬೇಕು, ಅದೂ ಮೇಲಿನ ಅರ್ಧದಲ್ಲಿ ಎಂದು ಕಾಯ್ದೆಯೂ ಆಗಿದೆ. ಒಳ್ಳೆಯದು. ಬೋರ್ಡಿಗೆ 60 ಶೇಕಡ. ಮನೆಯ ಮಗುವಿನ ನಾಲಿಗೆಗೆ ಎಷ್ಟು? ಅಲ್ಲಿ ಮೇಲಿನ ಅರ್ಧ ಯಾವುದು?

ಮಗು ಯಾವ ಭಾಷೆಯಲ್ಲಿ ಆಡುತ್ತದೋ ಅದು ಅದರ ಭಾಷೆ. ಯಾವುದರಲ್ಲಿ ಪರೀಕ್ಷೆ ಬರೆಯುತ್ತದೋ ಅದು ಸಬ್ಜೆಕ್ಟು. ನಾವು ಆಟವನ್ನೆಲ್ಲ ಇಂಗ್ಲಿಷಿಗೆ ಕೊಟ್ಟೆವು. ನೀತಿ, ನಿಯಮ, ಕಾಗುಣಿತ, ಗದರಿಕೆಯನ್ನು ಕನ್ನಡಕ್ಕೆ ಇಟ್ಟುಕೊಂಡೆವು. ಇಂಗ್ಲಿಷಿನಲ್ಲಿ ಹಸು ಹಾರುತ್ತದೆ. ಕನ್ನಡದಲ್ಲಿ ಹಸು ಒಂದು ಸಾಕುಪ್ರಾಣಿ, ಅದಕ್ಕೆ ನಾಲ್ಕು ಕಾಲು, ಎರಡು ಕೊಂಬು, ಅದು ನಮಗೆ ಹಾಲು ಕೊಡುತ್ತದೆ. ಮಗು ಹಾರುವ ಹಸುವಿನ ಹಿಂದೆ ಹೋಯಿತು. ಈಗ ಮಗುವನ್ನು ಬೈಯುತ್ತಿದ್ದೇವೆ.

ಇಷ್ಟು ಓದಿ ಯಾರಿಗಾದರೂ ಜ್ಞಾನೋದಯ ಆಗಿಬಿಟ್ಟೀತು ಎಂಬ ಭಯ ನನಗಿದೆ. ಆದರೆ ಏನಾಗುತ್ತದೆ ಎಂಬುದೂ ಗೊತ್ತಿದೆ. ಮೊದಲು ತಜ್ಞರ ಸಮಿತಿ. ಆಮೇಲೆ 'ಅಸಂಬದ್ಧ ಪದ್ಯ ಅಭಿವೃದ್ಧಿ ಪ್ರಾಧಿಕಾರ'. ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ, ಕಾರು, ಇಬ್ಬರು ಆಪ್ತ ಸಹಾಯಕರು. ವಾರಕ್ಕೊಂದು ಕಡ್ಡಾಯ ನಗು ಅವಧಿ. ಹಾಜರಿ 75 ಶೇಕಡಕ್ಕಿಂತ ಕಡಿಮೆಯಾದರೆ ನಕ್ಕದ್ದು ಊರ್ಜಿತವಲ್ಲ. ವರ್ಷದ ಕೊನೆಗೆ ಪ್ರಶ್ನೆಪತ್ರಿಕೆ: "ಹಲ್ಲಿಗೆ ಹಲ್ಲುನೋವು ಬರಲು ಕಾರಣಗಳೇನು? ಡಾಕ್ಟರು ಬಾಲ ಕಿತ್ತದ್ದನ್ನು ಸಂದರ್ಭದೊಡನೆ ವಿವರಿಸಿ, ಸ್ವಾರಸ್ಯ ತಿಳಿಸಿ. ನಾಲ್ಕು ಅಂಕ." ಮಾರನೇ ದಿನ ಗೈಡು. ಗೈಡಿನಲ್ಲಿ ಉತ್ತರ: ಹಲ್ಲಿ ಎಂದರೆ ಜೀವಾತ್ಮ, ಬಾಲ ಎಂದರೆ ಮಾಯೆ.

ಆದ್ದರಿಂದ ದಯವಿಟ್ಟು ಏನೂ ಮಾಡಬೇಡಿ. ಯೋಜನೆ ಬೇಡ, ಪ್ರಶಸ್ತಿ ಬೇಡ, ಸುತ್ತೋಲೆ ಬೇಡ. ಮಕ್ಕಳು ನಿಮ್ಮ ಸಹಾಯ ಕೇಳಿಲ್ಲ. ಅಂಗಳದಲ್ಲಿ, ಸ್ಕೂಲ್ ವ್ಯಾನಿನ ಕೊನೇ ಸೀಟಿನಲ್ಲಿ, ದೀಪ ಆರಿಸಿದ ಮೇಲೆ ಚಾದರದ ಒಳಗೆ, ಅವರು ಇನ್ನೂ ಪ್ರಾಸ ಕಟ್ಟುತ್ತಲೇ ಇದ್ದಾರೆ. ಬಹಳಷ್ಟು ನಿಮ್ಮ ಹೆಸರಿಗೇ ಕಟ್ಟಿರುತ್ತಾರೆ. ಕೇಳಿಸಿಕೊಂಡರೆ ನಿಮಗೆ ಮುಖಭಂಗ.

ನಿಮ್ಮಿಂದ ಆಗಬೇಕಾದ್ದು ಒಂದೇ. ಅವರು ಹಾಡುವಾಗ ಅರ್ಥ ಕೇಳದೆ ಬಾಯಿ ಮುಚ್ಚಿಕೊಂಡಿರಿ. ಅಷ್ಟೂ ಆಗದಿದ್ದರೆ ಎದ್ದು ಹೊರಗೆ ಹೋಗಿ, ಕಾಫಿ ಗೀಫಿ ಕುಡಿದು ಬನ್ನಿ.